ಅವರ ಮಾತು, ಇವರ ಮುಖ

ಸಿಡುಕಪ್ಪ, ಗೊಣಗಪ್ಪ ಎಂಬ ಇಬ್ಬರು ಮುದುಕರನ್ನು ಚಿತ್ರದಲ್ಲಿ ಬರೆಯುತ್ತಿದ್ದವಳು ನಾನು. ಆ ಚಿತ್ರಗಳ ಹಿಂದಿದ್ದ ನಿಜವಾದ ಇಬ್ಬರು ಮುದುಕರ ಸ್ನೇಹ ಮುರಿದವಳೂ ನಾನೇ. ಮುರಿದದ್ದನ್ನು ಕಣ್ಣಾರೆ ಕಂಡ ಮೇಲೂ ಬಾಯಿ ಬಿಡದೆ, ಕಿಟಕಿಯ ಹಿಂದೆ ಕೂತು, ಮುಂದಿನ ವಾರದ ಚಿತ್ರ ಮುಗಿಸಿದೆನಲ್ಲ— ಅದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಮೊದಲಿಗೇ ಹೇಳಿಬಿಟ್ಟಿದ್ದೇನೆ. ಸುತ್ತಿ ಬಳಸಿ ಹೇಳುವ ತ್ರಾಣ ಈಗ ಉಳಿದಿಲ್ಲ.

ಆ ಚಿತ್ರಗಳು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ನಾಲ್ಕು ಚೌಕ, ಇಬ್ಬರು ಮುದುಕರು, ಒಂದು ಕಟ್ಟೆ. ವಾರಕ್ಕೊಮ್ಮೆ ಫೋನಿನಲ್ಲಿ ಬರುತ್ತಿತ್ತು. ಕೆಳಗೆ ‘ಕಿರಿಕ್’ ಎಂಬ ಸಹಿ. ಮಕ್ಕಳಿಗೆಂದು ಬರೆದದ್ದಲ್ಲ. ಮೊಣಕಾಲು ನೋವು, ಸೊಸೆ ಮಾಡಿದ ಸಾರು, ಮಲಬದ್ಧತೆ— ಇವುಗಳಲ್ಲಿ ಮಕ್ಕಳಿಗೇನು ನಗು? ನಲವತ್ತು ದಾಟಿದವರು ನಗುತ್ತಿದ್ದರು. ನಾವು ನುಂಗಿಕೊಂಡ ಮಾತನ್ನು ಒಬ್ಬ ಮುದುಕ ಆಡಿಬಿಟ್ಟರೆ ಹೊಟ್ಟೆಯೊಳಗೆ ಎಷ್ಟು ತಣ್ಣಗಾಗುತ್ತದೆ. ಮೆಟ್ರೊದಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೆ ಎಂದು ಸಾರುವ ಹೆಣ್ಣುದನಿಗೆ ಸಿಡುಕಪ್ಪ ‘ಕಣ್ಣ ಕಾಣ್ತಾವ ಬಿಡವಾ’ ಎನ್ನುತ್ತಿದ್ದ. ಮದುವೆಯಲ್ಲಿ ತಟ್ಟೆ ಹಿಡಿದು ನಿಂತ ಗೊಣಗಪ್ಪ ‘ನಿಂತು ತಿನ್ನೂದು ಎಮ್ಮಿ, ಅದಕ್ಕೂ ಮೇವು ಹಾಕಾಕ ಒಂದು ಗ್ವಾದಲಿ ಇರ್ತದ’ ಎಂದು ಗೊಣಗುತ್ತಿದ್ದ. ಈ ಮಾತುಗಳು ನನ್ನವಲ್ಲ. ಒಂದೂ ನನ್ನದಲ್ಲ.

ನಮ್ಮ ಅಪಾರ್ಟ್‌ಮೆಂಟು ಬಾಲಾನಗರದ ಹತ್ತಿರ. ಬೇಗಂಪೇಟೆಯ ಜಾಹೀರಾತು ಕಚೇರಿಯಲ್ಲಿ ಸಾಬೂನಿಗೂ ಸಿಮೆಂಟಿಗೂ ಚಿತ್ರ ಬರೆದು ಬರೆದು ಬೇಸತ್ತು ಕೆಲಸ ಬಿಟ್ಟೆ. ನಮ್ಮದು ನೆಲಮಹಡಿಯ ಮನೆ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತೆ. ಕಿಟಕಿಯ ಹೊರಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಬೇವಿನ ಮರ, ಅದರ ಸುತ್ತ ಸಿಮೆಂಟಿನ ಕಟ್ಟೆ. ಅಲ್ಲಿ ದಿನವೂ ಬಂದು ಕೂರುತ್ತಿದ್ದವರು ಬಸಲಿಂಗಪ್ಪ ಕಾಕಾ ಮತ್ತು ರಾಘಪ್ಪ ಮಾಮಾ. ಇಬ್ಬರೂ ನನಗೆ ರಕ್ತಸಂಬಂಧಿಗಳಲ್ಲ. ಪರ ಊರಿನಲ್ಲಿ ನಮ್ಮ ಕಡೆಯವರು ಸಿಕ್ಕರೆ ಕಾಕಾ ಮಾಮಾ ಆಗಿಯೇ ಬಿಡುತ್ತಾರೆ.

ಕಾಕಾ ಬಾಗಲಕೋಟೆ ಕಡೆಯವರು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ಫೋರ್‌ಮನ್ ಆಗಿ ನಿವೃತ್ತರಾದವರು. ಗುಂಡು ಮೈ, ದಪ್ಪ ಮೀಸೆ, ಮೂಗಿನ ತುದಿಯಲ್ಲೇ ಸಿಟ್ಟು. ಮಾಮಾ ರಾಯಚೂರಿನವರು. ಸುಲ್ತಾನ್ ಬಜಾರಿನ ಅಂಗಡಿಯೊಂದರಲ್ಲಿ ಇಡೀ ಆಯುಷ್ಯ ಹೆಂಗಸರ ಮುಂದೆ ಸೀರೆ ಬಿಚ್ಚಿ ಹರಡುವುದು, ಅವರು ಎದ್ದು ಹೋದ ಮೇಲೆ ಮಡಚಿಡುವುದು— ಅದೇ ಕೆಲಸ. ಕಡ್ಡಿಯಂಥ ಮೈ, ಉದ್ದ ಮೂಗು. ಸಿಟ್ಟಿಗೇಳುತ್ತಿರಲಿಲ್ಲ, ಒಳಗೊಳಗೇ ಗೊಣಗುತ್ತಿದ್ದರು. ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಚಹಾಕ್ಕೆ ಸಕ್ಕರೆ ಎಷ್ಟು ಎನ್ನುವಲ್ಲಿಂದ ಶುರುವಾದ ಜಗಳ ಊಟದ ಹೊತ್ತಿನ ತನಕ ನಡೆಯುತ್ತಿತ್ತು. ಆದರೆ ಒಬ್ಬರು ಬರುವುದು ಸ್ವಲ್ಪ ತಡವಾದರೂ ಇನ್ನೊಬ್ಬರು ಕೆಳಗೆ ನಿಂತು, ಎದ್ದಿಯೋ ಹೋದಿಯೋ ಎಂದು ಮೂರನೇ ಮಹಡಿಗೆ ಕೇಳುವಂತೆ ಕೂಗುತ್ತಿದ್ದರು.

ನಮ್ಮ ಸುತ್ತ ಎಲ್ಲ ತೆಲುಗಿನವರು, ಉರ್ದು ಆಡುವವರು. ಇಲ್ಲಿ ಕನ್ನಡದಲ್ಲಿ ಮಾತಾಡಿದರೆ ಬಾಗಿಲು ಹಾಕಿಕೊಂಡು ಮಾತಾಡಿದ ಹಾಗೆ. ಸುತ್ತ ಹತ್ತು ಜನ ಓಡಾಡುತ್ತಿದ್ದರೂ ಅವರಿಬ್ಬರು ಏನು ಬೇಕಾದರೂ ಆಡುತ್ತಿದ್ದರು. ನಾನೊಬ್ಬಳು ಕನ್ನಡದವಳು ಕಿಟಕಿಯ ಹಿಂದೆ ಇದ್ದೇನೆ ಎಂಬುದು ಗೊತ್ತಿರಲಿಲ್ಲವೆಂದಲ್ಲ. ನಾನು ಮನೆಯ ಮಗಳಲ್ಲವೆ, ಗ್ರಿಲ್ಲಿನೊಳಗಿಂದ ಚಹಾ ಕೊಡುವವಳಲ್ಲವೆ ಎಂದು ನಂಬಿದ್ದರು.

ಇನ್ನು ನನ್ನ ಕಸುಬಿನ ಮಾತು. ಬದುಕಿರುವವರನ್ನು ನಗೆಚಿತ್ರದಲ್ಲಿ ತರುವಾಗ ಗುರುತು ಸಿಗದ ಹಾಗೆ ಮುಖ ಬದಲಿಸುವುದು ರೂಢಿ. ಬೇರೆಯವರು ಹೊಸ ಮುಖ ಹುಟ್ಟಿಸುತ್ತಾರೆ. ನನಗೆ ಸೋಮಾರಿತನ, ಅದನ್ನು ಜಾಣತನವೆಂದು ಆಗ ಅಂದುಕೊಂಡಿದ್ದೆ. ಎದುರಿಗೇ ಎರಡು ಚೆಂದದ ಮುಖ ಇದ್ದವು. ಕಾಕಾರ ಮಾತನ್ನೆಲ್ಲ ಮಾಮಾರ ಉದ್ದ ಮೂಗಿನ ಮುಖಕ್ಕೆ ಕೊಟ್ಟೆ— ಅವನು ಸಿಡುಕಪ್ಪ. ಮಾಮಾರ ಗೊಣಗಾಟವನ್ನು ಕಾಕಾರ ಮೀಸೆಯ ಕೆಳಗೆ ಇಟ್ಟೆ— ಅವನು ಗೊಣಗಪ್ಪ. ಅದಲು ಬದಲು, ಅಷ್ಟೆ. ಮಾತಿನಿಂದ ಹುಡುಕಿದರೆ ಮುಖ ಸಿಗದು, ಮುಖದಿಂದ ಹುಡುಕಿದರೆ ಮಾತು ಹೊಂದದು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾಮಾ ಒಬ್ಬರಿಗೆ ಗೊತ್ತಾಯಿತು. ಕರಿಬೇವು ಕೊಡಲು ಬಂದವರು ಮೇಜಿನ ಮೇಲೆ ತಮ್ಮ ಮೂಗನ್ನು ನೋಡಿಬಿಟ್ಟರು. ಬಹಳ ಹೊತ್ತು ನೋಡಿದರು. ಕೊನೆಗೆ, ಮೂಗು ಸ್ವಲ್ಪ ಗಿಡ್ಡ ಮಾಡವಾ, ಮನೆಯಲ್ಲಿ ಗುರುತು ಹಿಡಿಯುತ್ತಾರೆ ಎಂದರು. ಅವರದೂ ಕಾಕಾರದೂ ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಚಿತ್ರ ಬರುತ್ತಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಗುರುವಾರ ಕಿಟಕಿಯ ಹತ್ತಿರ ಬಂದು ಆ ವಾರದ್ದನ್ನು ನೋಡಿ, ಹೆಗಲು ಕುಣಿಸಿ ನಕ್ಕು ಹೋಗುತ್ತಿದ್ದರು. ಬಸ್ಯಾನಿಗೆ ಮಾತ್ರ ಹೇಳಬೇಡ, ನಿನ್ನ ಮನೆಯ ಗಾಜು ಉಳಿಸುವುದಿಲ್ಲ ಎಂದಿದ್ದರು.

ಈಗ ಅವರ ಸ್ನೇಹ ಮುರಿದ ಆ ಮಾತು ಬರೆಯಬೇಕು. ಬರೆಯಲೋ ಬೇಡವೋ ಎಂದು ಕಾಕಾರನ್ನೇ ಕೇಳಿದ್ದೇನೆ. ‘ಬರಿ. ಈ ಸಲ ನನ್ನ ಮಾತು ನನ್ನ ಬಾಯಾಗ ಇಡು’ ಎಂದರು. ಹೆಸರಷ್ಟು ಬದಲಿಸಿದ್ದೇನೆ.

ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕಾಕಾ ದನಿ ಇಳಿಸಿದರು. ಅವರು ದನಿ ಇಳಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನ್ನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಸರಿಯಾಗಿ ಕೇಳಿಸಲಿಲ್ಲ. ಎದ್ದು ಫ್ಯಾನು ಆಫ್ ಮಾಡಿದೆ. ತಾನಾಗಿ ಕಿವಿಗೆ ಬಿದ್ದದ್ದು ಎಂದು ನಾನು ಹೇಳುವಂತಿಲ್ಲ— ಎದ್ದು ಹೋಗಿ, ಕೈ ಎತ್ತಿ, ಸ್ವಿಚ್ಚು ಒತ್ತಿದ್ದೇನೆ.

ಪ್ರಾಸ್ಟೇಟ್ ಆಪರೇಶನ್ ಆದ ಮೇಲೆ ಕಾಕಾರಿಗೆ ಮೂತ್ರ ಹಿಡಿತದಲ್ಲಿ ನಿಲ್ಲುತ್ತಿರಲಿಲ್ಲ. ದೊಡ್ಡವರು ಹಾಕಿಕೊಳ್ಳುವ ಡೈಪರ್ ಬೇಕಾಯಿತು. ನಮ್ಮ ಗೇಟಿನ ಎದುರಿಗೇ ಔಷಧದ ಅಂಗಡಿ ಇದೆ. ಅಲ್ಲಿ ಕೇಳಲು ಮುಖವಿಲ್ಲ. ಬಸ್ಸು ಹಿಡಿದು ಸುಲ್ತಾನ್ ಬಜಾರಿಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ, ನಮ್ಮ ಅಣ್ಣನಿಗೆ ಬೇಕು ಎಂದರಂತೆ. ಅಣ್ಣನ ಸೊಂಟದ ಅಳತೆ ಎಷ್ಟು ಎಂದು ಅಂಗಡಿಯವನು ಕೇಳಿದ. ನನ್ನಷ್ಟೇ ಇದ್ದಾನೆ, ನಾವು ಅವಳಿ ಜವಳಿ ಎಂದುಬಿಟ್ಟರು. ಈಗ ಅಣ್ಣ ಎಂದಿರಲ್ಲ ಸಾಬ್, ಅವಳಿಗಳಲ್ಲಿ ಅಣ್ಣ ಯಾರು, ತಮ್ಮ ಯಾರು ಎಂದ ಅವನು. ಕಾಕಾರಿಗೆ ಸಿಟ್ಟು ನೆತ್ತಿಗೇರಿತು. ‘ಅವ ಎರಡ ನಿಮಿಷ ದೊಡ್ಡಾವ’ ಎಂದು ಅಂಗಡಿ ಹಾರಿಹೋಗುವ ಹಾಗೆ ಗದರಿಸಿ, ಪೊಟ್ಟಣ ಕಸಿದುಕೊಂಡು ಬಂದರಂತೆ.

ಮಾಮಾ ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ, ಮುಂದಿನ ಸಲ ನಾನೂ ಬರುತ್ತೇನೆ, ಅದು ನನ್ನ ಸಲುವಾಗಿ ಎಂದು ನಾನೇ ಹೇಳುತ್ತೇನೆ, ನನ್ನನ್ನು ನೋಡಿದರೆ ಯಾರಾದರೂ ನಂಬುತ್ತಾರೆ ಎಂದರು. ಹಾಗೆಯೇ ಮಾಡಿದರು ಕೂಡ. ತಮ್ಮ ಹಳೆಯ ಪೇಟೆಯಲ್ಲಿ, ನೂರು ಜನ ಗುರುತಿನವರ ನಡುವೆ ನಿಂತು, ಇಲ್ಲದ ರೋಗವನ್ನು ಮೈಮೇಲೆ ಹಾಕಿಕೊಂಡು ಗೆಳೆಯನಿಗಾಗಿ ಪೊಟ್ಟಣ ಕೊಳ್ಳುತ್ತಿದ್ದರು. ಇದನ್ನು ನಾನು ಬರೆಯಲಿಲ್ಲ ನೋಡಿ. ಇದರಲ್ಲಿ ನಗು ಇರಲಿಲ್ಲ. ನಾನು ಬರೆದದ್ದು ಆ ಎರಡು ನಿಮಿಷದ ಅಣ್ಣನನ್ನು.

ಆ ಗುರುವಾರ ಮಾತ್ರ ಮಾಮಾರಿಗೆ ಚಿತ್ರ ತೋರಿಸಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಕಿಟಕಿ ಹಾಕಿಕೊಂಡೆ. ಅಂದರೆ ತಪ್ಪು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದಲ್ಲ.

ಆ ಚಿತ್ರ ಊರೂರು ತಿರುಗಿತು. ಆ ನವೆಂಬರಿನಲ್ಲಿ ಬೇಗಂಪೇಟೆಯ ಒಂದು ಹಾಲಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದರು. ಬೆಂಗಳೂರು ಮೈಸೂರಿನಿಂದ ಐಟಿ ಕೆಲಸಕ್ಕೆ ಬಂದ ಹುಡುಗರು ಮನರಂಜನೆಗೆಂದು ಸಿಡುಕಪ್ಪ–ಗೊಣಗಪ್ಪರನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ‘ಕಿರಿಕ್’ ಯಾರೆಂದು ಅವರಿಗೆ ಗೊತ್ತಿಲ್ಲ, ಪಾಪ. ಒಬ್ಬ ಹುಡುಗ ನಮ್ಮ ಕಡೆಯ ಮಾತನ್ನು ಅಣಕಿಸಿ ಓದುತ್ತಿದ್ದ. ಕಾಕಾ ಮಾಮಾ ಹಿರಿಯರೆಂದು ಮೊದಲ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದರು. ಮೂರನೆಯದೋ ನಾಲ್ಕನೆಯದೋ ಚಿತ್ರ— ಔಷಧದ ಅಂಗಡಿ. ಉದ್ದ ಮೂಗಿನವನು ಅಂಗಡಿಯ ಮುಂದೆ ನಿಂತು ಎರಡು ನಿಮಿಷ ದೊಡ್ಡವನು ಎನ್ನುತ್ತಾನೆ. ಪಕ್ಕದಲ್ಲಿ ಮೀಸೆಯವನು ಹೊಟ್ಟೆ ಹಿಡಿದು ನಗುತ್ತಾನೆ. ಹಾಲ್ ನಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ— ತಟ್ಟದಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು. ಕಾಕಾ ಎದ್ದು, ಯಾರ ಕಡೆಗೂ ನೋಡದೆ, ನಡುವಿನ ದಾರಿಯಲ್ಲಿ ಬಾಗಿಲಿನ ತನಕ ನಡೆದು ಹೋದರು.

ಮರುದಿನ ಬೆಳಿಗ್ಗೆ ಅವರು ಕಟ್ಟೆಗೆ ಬಂದರು. ಕೂರಲಿಲ್ಲ. ನಿಂತೇ ಹೇಳಿದರು. ‘ನಾ ನಿನ್ನೊಬ್ಬನ ಮುಂದ ಹೇಳಿದ್ದೆ, ರಾಘಪ್ಪಾ.’

‘ನಾ ಯಾರ ಮುಂದನೂ ಆಡಿಲ್ಲೋ, ಬಸ್ಯಾ.’

‘ಹಂಗಾರ ನನ್ನ ಮಾತು ನಿನ್ನ ಬಾಯಾಗ ಹ್ಯಾಂಗ ಬಂತು?’

ಮಾಮಾ ತಲೆ ಎತ್ತಿ ನನ್ನ ಕಿಟಕಿಯ ಕಡೆ ಒಮ್ಮೆ ನೋಡಿದರು. ನಾನು ಗ್ರಿಲ್ಲಿನ ಹಿಂದೆಯೇ ಇದ್ದೆ. ಅವರ ಕಣ್ಣು ನನ್ನ ಕಣ್ಣಿಗೆ ತಾಗಿತು. ಒಂದೇ ಒಂದು ಮಾತು— ನಾನು ಕಾಕಾ ಎಂದು ಕರೆದಿದ್ದರೆ ಸಾಕಿತ್ತು, ಉಳಿದದ್ದು ತಾನೇ ಬರುತ್ತಿತ್ತು. ಮಾಮಾ ಕಾದರು. ಆಮೇಲೆ ಕಣ್ಣು ಇಳಿಸಿ ತಮ್ಮ ಚಪ್ಪಲಿ ನೋಡತೊಡಗಿದರು. ತಪ್ಪಿತಸ್ಥನ ಮೌನ ಎಂದು ಕಾಕಾ ತಿಳಿದರು. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು.

ಎಷ್ಟು ಸಲ ಯೋಚಿಸಿದ್ದೇನೆ. ಕಾಕಾರ ಮುಖಕ್ಕೇ ಕಾಕಾರ ಮಾತು ಬರೆದಿದ್ದರೆ ಅವರು ಯಾರ ಮೇಲಾದರೂ ಅನುಮಾನ ಪಡಬಹುದಿತ್ತು— ಅಂಗಡಿಯವನು, ಬಸ್ಸಿನಲ್ಲಿ ಕೂತವರು, ನಾನು. ನನ್ನ ಜಾಣತನ ಬೇರೆ ದಾರಿಯನ್ನೇ ಉಳಿಸಲಿಲ್ಲ. ಒಬ್ಬನಿಗೇ ಹೇಳಿದ ಗುಟ್ಟು, ಅದೇ ಒಬ್ಬನ ಬಾಯಿಂದ, ಊರೆಲ್ಲ ನೋಡುವ ಪರದೆಯ ಮೇಲೆ ಬಂದಿತ್ತು. ಅದರ ಮೇಲೆ ಪಕ್ಕದಲ್ಲಿ ಕಾಕಾರ ಮುಖವೇ ನಿಂತು ನಗುತ್ತಿತ್ತು.

ಅದೇ ದಿನ ಮಾಮಾ ನಮ್ಮ ಬಾಗಿಲಿಗೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಒಳಗೂ ಬರಲಿಲ್ಲ. ‘ನಾ ಹೇಳಿದ್ರ ನಿನ್ನ ಮ್ಯಾಲ ಹಾಕಿ ತಪ್ಪಿಸ್ಕೊಂಡಂಗ ಆಗ್ತದ. ಅವ ನಂಬೂದೂ ಇಲ್ಲ. ನೀನ ಹೋಗಿ ಹೇಳವಾ’ ಎಂದರು. ಹೇಳುತ್ತೇನೆ ಮಾಮಾ ಎಂದೆ. ಆಗ ಬೆಂಗಳೂರಿನ ಪ್ರಕಾಶಕರೊಬ್ಬರು ಆ ಚಿತ್ರಗಳನ್ನು ಪುಸ್ತಕ ಮಾಡಲು ಒಪ್ಪಿದ್ದರು. ಅದೊಂದು ಬಂದುಬಿಡಲಿ ಎಂದುಕೊಂಡೆ. ಬಂದಿತು. ಆಮೇಲೆ ಸಂಕ್ರಾಂತಿ, ಹಬ್ಬದಲ್ಲಿ ಯಾಕೆ ಎಂದುಕೊಂಡೆ. ಹಬ್ಬ ಮುಗಿದ ಮೇಲೆ, ಇಷ್ಟು ದಿನ ಬಿಟ್ಟು ಈಗ ಹೇಗೆ ಹೇಳಲಿ ಎಂದುಕೊಂಡೆ. ಹೇಡಿಗೆ ಪಂಚಾಂಗದಲ್ಲಿ ಒಳ್ಳೆಯ ದಿನವೇ ಸಿಗುವುದಿಲ್ಲ.

ಕಾಕಾ ಗೇಟಿನ ಪಕ್ಕದ ಕಲ್ಲುಬೆಂಚಿಗೆ ಹೋಗಿ ಕೂರತೊಡಗಿದರು. ಮಾಮಾ ಬೇವಿನ ಕಟ್ಟೆಯ ಮೇಲೆ ಒಬ್ಬರೇ. ಸುಲ್ತಾನ್ ಬಜಾರಿಗೂ ಕಾಕಾ ಒಬ್ಬರೇ ಹೋಗಿ ಬರುತ್ತಿದ್ದರು. ಒಬ್ಬರ ಬೆನ್ನಿಗೆ ಇನ್ನೊಬ್ಬರ ಬೆನ್ನು. ಮಾಮಾ ಆಮೇಲೆ ಗುರುವಾರ ನನ್ನ ಕಿಟಕಿಗೆ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಏನೂ ಕೇಳುತ್ತಿರಲಿಲ್ಲ. ನನ್ನ ಮುಖವನ್ನಷ್ಟು ನೋಡುತ್ತಿದ್ದರು, ಹೇಳಿದಿಯಾ ಎನ್ನುವ ಹಾಗೆ. ಇನ್ನೊಂದಿದೆ— ಇದನ್ನು ಬರೆಯದೆ ಬಿಟ್ಟುಬಿಡೋಣ ಎಂದು ಬಹಳ ಅನಿಸಿತು. ಆ ಎರಡು ಬೆನ್ನುಗಳನ್ನೂ ನಾನು ಚಿತ್ರ ಮಾಡಿದೆ. ಮುನಿಸಿಕೊಂಡ ಮುದುಕರು, ಎರಡು ಕಟ್ಟೆ. ಜನ ಎಲ್ಲಕ್ಕಿಂತ ಹೆಚ್ಚು ನಕ್ಕದ್ದು ಅದಕ್ಕೇ.

ಮಾಮಾ ಒಂದು ಚಳಿಗಾಲದಲ್ಲಿ ಹೋದರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬಂದದ್ದು ಹೆಣವಾಗಿ. ಇಡೀ ಅಪಾರ್ಟ್‌ಮೆಂಟು ಕೆಳಗೆ ಸೇರಿತ್ತು. ತೆಲುಗಿನವರು, ಮುಸಲ್ಮಾನರು, ಎಲ್ಲರೂ. ಕಾಕಾ ಇಳಿದು ಬರಲಿಲ್ಲ. ತಮ್ಮ ಬಾಲ್ಕನಿಯಲ್ಲಿ ನಿಂತು, ಗಾಡಿ ಗೇಟು ದಾಟಿದ ಕೂಡಲೆ ಒಳಗೆ ಹೋಗಿಬಿಟ್ಟರು. ಎಂಥ ಕಲ್ಲೆದೆ ಎಂದು ಅಲ್ಲಿದ್ದವರು ಮಾತಾಡಿಕೊಂಡರು. ನಾನು ಅವರ ನಡುವೆಯೇ ನಿಂತಿದ್ದೆ. ಆಗಲೂ ಸುಮ್ಮನಿದ್ದೆ. ಚಿತ್ರ ಬರೆಯುವುದು ಆ ವಾರದಿಂದ ನಿಂತಿತು. ಕೈಗೆ ನೋವು ಎಂದು ಎಲ್ಲರಿಗೂ ಹೇಳಿದೆ, ಅದೂ ಸುಳ್ಳು.

ವರ್ಷಗಳಾದವು. ನನಗೂ ವಯಸ್ಸಾಯಿತು. ಕೆಮ್ಮಿದರೆ, ಸೀನಿದರೆ, ಮೆಟ್ಟಿಲು ಹತ್ತಿದರೆ ಸೀರೆ ಒದ್ದೆಯಾಗತೊಡಗಿತು. ಇದೇನು ದೊಡ್ಡ ರೋಗವಲ್ಲ, ಈ ವಯಸ್ಸಿನ ಹೆಂಗಸರಿಗೆ ಆಗುವುದೇ. ಕಳೆದ ತಿಂಗಳು ಗೇಟಿನ ಎದುರಿನ ಔಷಧದ ಅಂಗಡಿಗೆ ಹೋಗಿ ಡೈಪರ್ ಕೇಳಿದೆ. ಯಾರಿಗೆ ಮೇಡಂ ಎಂದು ಹುಡುಗಿ ಕೇಳಿದಳು. ಅಮ್ಮನಿಗೆ ಎಂದೆ. ನನ್ನ ಅಮ್ಮ ಸತ್ತು ಎಷ್ಟೋ ವರ್ಷವಾಗಿದೆ. ಸಲೀಸಾಗಿ ಬಂತು ಸುಳ್ಳು, ನಾಲಗೆಯ ತುದಿಯಲ್ಲೇ ಕಾದಿದ್ದ ಹಾಗೆ. ಪೊಟ್ಟಣವನ್ನು ಸೆರಗಿನಡಿ ಮುಚ್ಚಿಕೊಂಡು ರಸ್ತೆ ದಾಟಿದೆ. ಈ ನಾಚಿಕೆಯನ್ನೇ ಅಲ್ಲವೆ ನಾನು ನಾಲ್ಕು ಚೌಕದಲ್ಲಿ ಕೂರಿಸಿ ಊರಿಗೆ ಹಂಚಿದ್ದು. ಮನೆಗೆ ಹೋಗಲಿಲ್ಲ. ಪೊಟ್ಟಣ ಕೈಯಲ್ಲಿದ್ದಂತೆಯೇ ಕಾಕಾರ ಮನೆಯ ಬೆಲ್ ಒತ್ತಿದೆ.

ಎಂಬತ್ತು ದಾಟಿದ್ದಾರೆ ಈಗ. ಸೊಸೆ ಚಹಾ ಕೊಟ್ಟು ಒಳಗೆ ಹೋದಳು. ನಾನು ಎಲ್ಲ ಹೇಳಿದೆ— ಫ್ಯಾನು ಆಫ್ ಮಾಡಿದ್ದು, ಮುಖ ಅದಲು ಬದಲು ಮಾಡಿದ್ದು, ಚಪ್ಪಾಳೆ ತಟ್ಟಿದ್ದು, ಮಾಮಾ ಬಾಗಿಲಿಗೆ ಬಂದದ್ದು. ಕ್ಷಮಿಸಿ ಎನ್ನಲಿಲ್ಲ. ಆ ಮಾತು ಬಾಯಿಗೆ ಬರಲಿಲ್ಲ. ಬಂದಿದ್ದರೂ ಕೇಳುವ ಯೋಗ್ಯತೆ ನನಗಿರಲಿಲ್ಲ. ನೀರಿನ ಮೋಟರು ತಡವಾದರೆ ಇಡೀ ಕಟ್ಟಡ ಎಬ್ಬಿಸುವ ಮನುಷ್ಯ, ನನ್ನನ್ನು ಚೆನ್ನಾಗಿ ಬೈದು ಕಳಿಸಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಅವರು ಬೈಯಲಿಲ್ಲ.

‘ಆ ಚಿತ್ರ ನೀ ತೆಗೀತಿದ್ದಿ ಅಂತ ರಾಘಪ್ಪಗ ಗೊತ್ತಿತ್ತೇನು?’ ಎಂದು ಕೇಳಿದರು.

ಗೊತ್ತಿತ್ತು ಎಂದೆ.

‘ಗೊತ್ತಿದ್ದೂ ಹೇಳಲಿಲ್ಲಾ?’

ಹೇಳಲಿಲ್ಲ ಕಾಕಾ, ನಾನೇ ಹೇಳಲಿ ಎಂದು ಕಾದರು ಎಂದೆ.

ಚಹಾ ಆರಿ ಕೆನೆಗಟ್ಟಿತು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. ‘ಅವನ ಮ್ಯಾಲ ಸಿಟ್ಟಿತ್ತು ನನಗ. ಅದಕ ಅವ ಹ್ವಾದಾಗ ಏನೂ ಅನಸಲಿಲ್ಲ. ನನ್ನ ಪಾಲಿಗೆ ಅವ ಇವತ್ತ ಸತ್ತ ನೋಡು, ತಂಗಿ.’

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನನ್ನ ಎದೆಯ ಭಾರ ಇಳಿಸಲು ಹೋಗಿದ್ದೆ. ಅಷ್ಟು ವರ್ಷ ಅವರು ಆತುಕೊಂಡು ನಿಂತಿದ್ದ ಸಿಟ್ಟನ್ನೂ ಕಿತ್ತುಕೊಂಡು ಬಂದೆ. ಹೇಳದೆ ಇದ್ದದ್ದು ತಪ್ಪು. ಇಷ್ಟು ತಡವಾಗಿ ಹೇಳಿದ್ದೂ— ಇದನ್ನು ಸರಿ ಎನ್ನುವ ಧೈರ್ಯ ನನಗಿಲ್ಲ.

ಕಾಕಾ ಗೋಡೆ ಹಿಡಿದು ಎದ್ದರು. ‘ಗೀಜರ ಹಾಕವಾ, ಜಳಕ ಮಾಡತೀನಿ’ ಎಂದು ಸೊಸೆಗೆ ಹೇಳಿದರು. ಬೆಳಿಗ್ಗೆ ಮಾಡಿದಿರಲ್ಲ ಮಾವಾ ಎಂದು ಆಕೆ ಅಡಿಗೆಮನೆಯಿಂದ ಕೇಳಿದಳು. ಮಸಣಕ್ಕೆ ಹೋಗಿ ಬಂದವರು ಮಾಡುವ ಜಳಕ ಅದು ಎಂದು ಆಕೆಗೆ ಹೇಗೆ ತಿಳಿಯಬೇಕು. ನೀರು ಕಾಯುವುದಕ್ಕೂ ಕಾಯದೆ ಬಚ್ಚಲ ಬಾಗಿಲು ಹಾಕಿಕೊಂಡರು. ನಲ್ಲಿ ಬಿಟ್ಟ ಸದ್ದಾಯಿತು. ಆ ಸದ್ದಿನ ಒಳಗಿಂದ ಅವರು ಅಳುವುದು ಕೇಳಿಸತೊಡಗಿತು. ನಾನು ಕೇಳುತ್ತ ಕೂರಲಿಲ್ಲ. ಎದ್ದು, ಬಾಗಿಲು ಎಳೆದುಕೊಂಡು ಹೊರಗೆ ಬಂದೆ.